ತಿರುವು ಹೇಳುವವರು

ಸ್ವಂತ ಮನೆಗೆ ಹೋಗಲು ಪಕ್ಕದ ಸೀಟಿನವರು ದಾರಿ ಹೇಳಬೇಕಾದ ಮನುಷ್ಯರಲ್ಲಿ ನಾನು ಕಂಡದ್ದು ಒಬ್ಬರನ್ನೇ. ನಾವು ಈ ಬೀದಿಗೆ ಬಂದ ದಿನ, ನಮ್ಮ ಸಾಮಾನಿನ ಗಾಡಿಯ ಹಿಂದೆ ಪುಟ್ಟ ಕೆಂಪು ಕಾರೊಂದು ಗುರುಗುಟ್ಟುತ್ತ ನಿಂತಿತ್ತು. ಒಳಗಿನಿಂದ ಹೆಂಗಸಿನ ದನಿ, ಪಾಠ ಒಪ್ಪಿಸುವಂತೆ: "ಬಲಕ್ಕೆ, ನಿಧಾನ. ಗೇಟಿನ ಮುಂದೆ ಹೊಂಡ." ಕಾರು ಹೇಳಿದಂತೆಯೇ ತಿರುಗಿ, ಹೊಂಡ ತಪ್ಪಿಸಿ, ಎದುರುಮನೆ ಸೇರಿತು.

"ಸ್ವಂತ ಮನೆಗೂ ದಾರಿ ಹೇಳ್ಬೇಕೇನಮ್ಮ?" ಎಂದೆ.

ನನ್ನ ಪುಸ್ತಕದ ಪೆಟ್ಟಿಗೆಗಳನ್ನು ಕಂಡೇ ಕಸುಬು ಊಹಿಸಿದ್ದ ಆಕೆ ನಕ್ಕರು. "ಇವರಿಗೆ ರಸ್ತೆ ಕಾಣುತ್ತೆ ಮೇಷ್ಟ್ರೇ, ದಾರಿ ಕಾಣಲ್ಲ."

ಬೀದಿಯವರು ಗೇರಣ್ಣ ಎನ್ನುತ್ತಿದ್ದ ಆತ ಹರೆಯದಲ್ಲಿ ಕಾಡುದಾರಿಗಳ ರ‍್ಯಾಲಿ ಪಂದ್ಯಗಳಲ್ಲಿ ಕಾರು ಓಡಿಸಿದವರು. ಪಕ್ಕದಲ್ಲಿ ಕುಳಿತು ಮುಂದಿನ ತಿರುವನ್ನು ಕೂಗಿ ಹೇಳುತ್ತಿದ್ದವರು ಹೆಂಡತಿ. ಆ ಕಾಲ ಮುಗಿದ ಮೇಲೆ ಕೊಂಡ ಈ ಕಾರು ಇಬ್ಬರ ರಾಜಿಯ ಫಲ: ಎಂಜಿನ್ನು ಅವರ ಆಯ್ಕೆ, ಐದು ಬಾಗಿಲು ಆಕೆಯದು. ಹಿಂದಿನ ಸೀಟು ಮಡಚಿದರೆ ಅಕ್ಕಿಮೂಟೆ, ಹೊಲಿಗೆಯಂತ್ರ, ಒಮ್ಮೆ ನಮ್ಮ ಕಪಾಟನ್ನೂ ನುಂಗಿಕೊಂಡು, ಪೇಟೆ ದಾಟಿದೊಡನೆ ಬಾಲ ಸುಟ್ಟ ಬೆಕ್ಕಿನಂತೆ ಓಡುತ್ತಿತ್ತು. ಗೇರಣ್ಣ ನಡೆಯುವಾಗಲೂ ಎಡಗಾಲನ್ನು ಕ್ಷಣಹೊತ್ತು ಒತ್ತಿಹಿಡಿದು, ಕ್ಲಚ್ಚು ಬಿಟ್ಟಂತೆ ಮೆಲ್ಲನೆ ಎತ್ತುತ್ತಿದ್ದರು. ಮಾತು ಬಲು ಕಡಿಮೆ. ಒಂದು 'ಹೂಂ' ಎಂದರೆ ಆ ದಿನದ ಪಾಲು ಮುಗಿಯಿತು.

ಜ್ವರವೆಂದು ಆಸ್ಪತ್ರೆ ಸೇರಿದ ಆಕೆ ಹಿಂತಿರುಗಲಿಲ್ಲ. ಕಾರಿನ ಮೇಲೆ ಹೊದಿಕೆ ಬಿತ್ತು. ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಗೇರಣ್ಣ, ಬೆರಳು ಸವೆದ ಹಳೆಯ ಚರ್ಮದ ಕೈಗವಸು ತೊಟ್ಟು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಮಾರಿಬಿಡ್ತೀನಿ. ವರ್ಕ್‌ಶಾಪಿನವನಿಗೆ ಹೇಳಿದೀನಿ. ಜೊತೆಗೆ ಬನ್ನಿ."

ಪಕ್ಕದ ಸೀಟು ಆಕೆಯ ಎತ್ತರಕ್ಕೆ ಮುಂದೆ ಸರಿದೇ ಇತ್ತು. ನನ್ನ ಮೊಣಕಾಲು ಗದ್ದಕ್ಕೆ ಬಂತು. ಹಿಂದಕ್ಕೆ ತಳ್ಳಲು ಕೈಹಾಕಿದರೆ, "ಅದನ್ನ ಮುಟ್ಟಬೇಡಿ" ಎಂದರು. ಹೊರಟೆವು. ವರ್ಕ್‌ಶಾಪಿನ ತಿರುವು ಬಂತು, ಹೋಯಿತು. ಊರೂ ಹಿಂದಾಯಿತು. ಕೆರೆಯ ಏರಿಯ ಮೇಲೆ ರಸ್ತೆಯೇ ಮುಗಿದಾಗ ಕಾರು ನಿಂತಿತು.

"ತಿರುವು ಬಿಟ್ಟುಬಿಟ್ರಲ್ಲ" ಎಂದೆ.

"ಯಾರೂ ಹೇಳಲಿಲ್ವಲ್ಲ" ಎಂದರು, ನೀರನ್ನೇ ನೋಡುತ್ತ.

ವಾಪಸ್ಸು ಬರುವಾಗ ನಾನು ತರಗತಿಯ ದನಿಯಲ್ಲಿ ಎಡ, ಬಲ ಹೇಳುತ್ತ ಬಂದೆ. ವರ್ಕ್‌ಶಾಪಿನ ತಿರುವು ಎದುರಾದಾಗ ಮಾತ್ರ ಕಿಟಕಿಯಾಚೆ ನೋಡುತ್ತ ಸುಮ್ಮನಿದ್ದೆ. ಕಾರು ನೇರ ಹೋಯಿತು.

"ವರ್ಕ್‌ಶಾಪು ಅಲ್ಲೇ ಅಲ್ವ?" ಎಂದರು ಗೇರಣ್ಣ.

"ನಂಗೇನ್ ಗೊತ್ತು. ಬಲಕ್ಕೆ, ನಿಧಾನ."

"ಗೇಟಿನ ಮುಂದೆ ಹೊಂಡ" ಎಂದು ಅವರೇ ಮುಗಿಸಿದರು.

ಇಬ್ಬರು ಸೇರಿ ಕಲಿತ ಕೆಲಸ ಒಬ್ಬರ ಕೈಗೆ ಉಳಿದಾಗ, ಅಂಥವರು ಇನ್ನರ್ಧವನ್ನೂ ತಾವೇ ಹೊತ್ತು ನಡೆಯುತ್ತಾರೆ. ಜನಕ್ಕೆ ಅದು ಒಣ ಹಟದಂತೆ ಕಾಣುತ್ತದೆ. ಈಗ ಗೇರಣ್ಣ ಒಬ್ಬರೇ ತರಕಾರಿ ತರಲು ಹೋಗುತ್ತಾರೆ. ಚೀಲ ಹಿಂದಿನ ಸೀಟಿನಲ್ಲಿ, ಪಕ್ಕದ್ದು ಖಾಲಿ. ಕಿಟಕಿ ಇಳಿಸಿ, ತಿರುವುಗಳನ್ನು ಗಟ್ಟಿಯಾಗಿ ತಮಗೆ ತಾವೇ ಹೇಳಿಕೊಳ್ಳುತ್ತ ಬರುತ್ತಾರೆ. ಗೇಟಿನ ಮುಂದಿನ ಹೊಂಡ ಮುಚ್ಚಿ ಎಷ್ಟೋ ಕಾಲವಾಯಿತು. ಕಾರು ಅದನ್ನು ತಪ್ಪಿಸಿಕೊಂಡೇ ಒಳಗೆ ಹೋಗುತ್ತದೆ.