ದ್ವಾರಸಮುದ್ರ ಎಂಬ ವಿಮಾನ

ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಡೆಂಟಲ್ ಲ್ಯಾಬಿನಲ್ಲಿ ಸಮ್ಯಕ್ ಹದಿನೇಳು ವರ್ಷದಿಂದ ಹಲ್ಲಿನ ಸೆಟ್ ಮಾಡುತ್ತಿದ್ದ. ಮೇಣದಲ್ಲಿ ವಸಡು ತಿದ್ದುವುದು, ಹಲ್ಲು ಜೋಡಿಸುವುದು, ಉಜ್ಜಿ ಹೊಳಪು ಕೊಡುವುದು. ವಾರಕ್ಕೆ ಆರು ದಿನ ಈ ಕೆಲಸ. ಭಾನುವಾರ ಮಾತ್ರ ವಿಮಾನ.

ವಿಮಾನದ ಹುಚ್ಚು ಹತ್ತಿದ್ದು ಹೈಸ್ಕೂಲಿನಲ್ಲಿ, ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಶಶಿಕಿರಣನ ಜೊತೆ. ಶಶಿ ಕೊಬ್ಬರಿ ಮಂಡಿಯ ಷಡಕ್ಷರಪ್ಪನವರ ಮಗ. ಪ್ಲಾಸ್ಟಿಕ್ ಕಿಟ್‌ಗಳನ್ನು ಅವನು ತರಿಸುತ್ತಿದ್ದ. ಮಂಡಿಯ ಮೇಲಿನ ಕೋಣೆಗೆ ಹೊರಗಿನಿಂದಲೇ ಕಬ್ಬಿಣದ ಮೆಟ್ಟಿಲಿತ್ತು. ಅಲ್ಲಿ ಕೂತು ಇಬ್ಬರೂ, ಇರುವ ವಿಮಾನದ ಕಿಟ್ ಒಡೆದು ಇಲ್ಲದ ವಿಮಾನ ಕಟ್ಟುತ್ತಿದ್ದರು. ಎರಡು ಎಂಜಿನಿನದಕ್ಕೆ ನಾಲ್ಕು ಕೂರಿಸುವುದು, ಯುದ್ಧವಿಮಾನವನ್ನು ಆಂಬುಲೆನ್ಸ್ ಮಾಡುವುದು. ಹೀಗೊಂದು ಇದ್ದಿದ್ದರೆ ಹೇಗೆ ಹಾರುತ್ತಿತ್ತು, ಯಾವ ಕೆಲಸಕ್ಕೆ ಬರುತ್ತಿತ್ತು ಎಂದು ಸಮ್ಯಕ್ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿ ಚಿತ್ರ ಬರೆಯುತ್ತಿದ್ದ. ಕತ್ತರಿಸುವುದು, ಕೆತ್ತುವುದು, ಬಣ್ಣ ಹೊಡೆಯುವುದು ಕೂಡ ಬರಬರುತ್ತಾ ಅವನ ಪಾಲಿಗೇ ಬಂದಿತ್ತು. ಶಶಿ ಎದುರಿಗೆ ಕೂತು ಮೊಬೈಲ್ ನೋಡುತ್ತಾ, ಹೆಸರು ಸೂಚಿಸುತ್ತಾ ಇರುತ್ತಿದ್ದ. ಕೆಳಗಿನಿಂದ ಕಾಫಿ ಬರುತ್ತಿತ್ತು, ಶಶಿಗೆ ಸ್ಟೀಲ್ ಲೋಟದಲ್ಲಿ, ಸಮ್ಯಕ್‌ಗೆ ಪೇಪರ್ ಕಪ್ಪಿನಲ್ಲಿ. ಅದರ ಬಗ್ಗೆ ಇಬ್ಬರೂ ಒಂದು ದಿನವೂ ಮಾತಾಡಿರಲಿಲ್ಲ.

ಈಚಿನ ವಿಮಾನಕ್ಕೆ ಒಂದೂವರೆ ವರ್ಷ ಹಿಡಿಯಿತು. ವಾಯುಪಡೆಯ ಸಾಮಾನು ಸಾಗಿಸುವ ಆ್ಯಂಟನೋವ್ ಕಿಟ್ ನೋಡಿದ ದಿನವೇ ಸಮ್ಯಕ್‌ಗೆ ಹೊಳೆದಿತ್ತು: ಇದರ ಎಂಜಿನುಗಳು ರೆಕ್ಕೆಯ ಮೇಲೆ ಎತ್ತರದಲ್ಲಿವೆ, ನೀರು ಚಿಮ್ಮಿದರೂ ತಾಗುವುದಿಲ್ಲ. ದೋಣಿಯ ಹೊಟ್ಟೆ ಕೊಟ್ಟರೆ ಕೆರೆಯಲ್ಲೇ ಇಳಿಯಬಹುದು, ನೆರೆ ಬಂದಲ್ಲಿಗೆ ಹೋಗಬಹುದು. ಅದಕ್ಕಾಗಿ ಎರಡು ಸಲ ಹಳೇಬೀಡಿಗೆ ಹೋಗಿ ಕೆರೆ ಏರಿಯ ಮೇಲೆ ನಡೆದು ಬಂದ. ಹೊಟ್ಟೆಯನ್ನು ಹಲ್ಲಿನ ಅಕ್ರಿಲಿಕ್‌ನಲ್ಲಿ ಕೆತ್ತಿದ. ಹಲ್ಲಿಗೆ ತೊಡಿಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಲ್ಯಾಬಿನ ಯಂತ್ರದಲ್ಲಿ ಬಿಸಿಮಾಡಿ ಎಳೆದು ಪೈಲಟ್ಟಿನ ಮುಂದಿನ ಗಾಜು ಮಾಡಿದ. ಆ ಕೆರೆಯದೇ ಹೆಸರು, ‘ದ್ವಾರಸಮುದ್ರ’ ಎಂದು ಇಟ್ಟವನು ಶಶಿ. ಆ ಹೆಸರು ಸಮ್ಯಕ್‌ಗೂ ಬಹಳ ಹಿಡಿಸಿತ್ತು.

ಅದು ಮುಗಿದ ತಿಂಗಳಲ್ಲೇ ಸಮ್ಯಕ್‌ನ ಹೆಂಡತಿ ಲತಾಮಣಿ ಅಡುಗೆಮನೆಯಿಂದ ಮೊಬೈಲ್ ಹಿಡಿದು ಬಂದಳು. ಯಾರೋ ಲೋಕಲ್ ಚಾನೆಲ್‌ನವರು ಮಾಡಿದ ವಿಡಿಯೋ. ‘ಅರಸೀಕೆರೆಯ ವಿಮಾನ ಶಿಲ್ಪಿ.’ ಶಶಿ ತನ್ನ ಮನೆಯ ಹಜಾರದಲ್ಲಿ, ಗಾಜಿನ ಬೀರುವಿನ ಮುಂದೆ ನಿಂತಿದ್ದ. ಒಳಗೆ ದೀಪ, ದೀಪದಡಿಯಲ್ಲಿ ಮಂಡಿಯ ಕೋಣೆಯಿಂದ ತಂದಿಟ್ಟ ಸಮ್ಯಕ್‌ನ ಆರು ವಿಮಾನ. ಆ ಹಜಾರವನ್ನು ಸಮ್ಯಕ್ ಮೊದಲ ಸಲ ನೋಡಿದ್ದು ಹೀಗೆ. ಎಲ್ಲ ಒಬ್ಬರೇ ಮಾಡ್ತೀರಾ ಸಾರ್, ಎಂದು ಮೈಕ್ ಹಿಡಿದವನು ಕೇಳಿದ. ‘ಡಿಸೈನೆಲ್ಲ ನಂದೇ. ನಮ್ಮ ಕಡೆಯೋನೊಬ್ಬ ಇದಾನೆ, ಉಜ್ಜಿ ಕೊಡ್ತಾನೆ,’ ಎಂದ ಶಶಿ.

“ಉಜ್ಜಿ ಕೊಡೋನು ಅಂದ್ರೆ ಯಾರ್ರೀ?” ಎಂದಳು ಲತಾಮಣಿ.

ಸಮ್ಯಕ್ ಮಾರನೆಯ ದಿನ ಮಂಡಿಗೆ ಹೋಗಿ ಶಶಿಯನ್ನೇ ಕೇಳಿದ. ಶಶಿ ಅವನ ಹೆಗಲ ಮೇಲೆ ಕೈಹಾಕಿದ.

“ಲೋ, ಅಪ್ಪ ಪಕ್ಕದಲ್ಲೇ ನಿಂತಿದ್ರು ಕಣೋ. ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಮುಂದಿನ ತಿಂಗಳು ಬೇಲೂರಲ್ಲಿ ಪ್ರದರ್ಶನ ಐತಲ್ಲ, ಅಲ್ಲಿ ಇಬ್ರ ಹೆಸರೂ ಹಾಕಿಸ್ತೀನಿ. ನೀನೂ ಬಾ.”

ಸಮ್ಯಕ್ ನಂಬಿದ. ನಂಬದೆ ಇರಲು ಇಪ್ಪತ್ತೈದು ವರ್ಷದ ಸ್ನೇಹ ಬಿಡಲಿಲ್ಲ.

ಬೇಲೂರಿನ ಕಲ್ಯಾಣ ಮಂಟಪವೊಂದರಲ್ಲಿ ರಾಜ್ಯದ ಹವ್ಯಾಸಿಗಳೆಲ್ಲ ಸೇರಿದ್ದರು. ಸಾಲು ಮೇಜುಗಳ ಮೇಲೆ ಹಡಗು, ಟ್ಯಾಂಕು, ವಿಮಾನ. ಸಮ್ಯಕ್ ಇಸ್ತ್ರಿ ಮಾಡಿದ ಬಿಳಿ ಷರ್ಟಿನಲ್ಲಿ ಬಸ್ಸಿಳಿದು ಬಂದು ನೋಡಿದ. ದ್ವಾರಸಮುದ್ರದ ಮುಂದೆ ಅಚ್ಚು ಹಾಕಿಸಿದ ಕಾರ್ಡಿತ್ತು: ವಿನ್ಯಾಸ ಮತ್ತು ನಿರ್ಮಾಣ, ಶಶಿಕಿರಣ್ ಷಡಕ್ಷರಪ್ಪ.

“ಪ್ರಿಂಟಿನವನು ತಪ್ಪು ಮಾಡವ್ನೆ,” ಎಂದ ಶಶಿ, ಅವನ ಮುಖ ನೋಡದೆ.

ತೀರ್ಪುಗಾರರು ವಾಯುಪಡೆಯಿಂದ ನಿವೃತ್ತರಾದ ಎಂಜಿನಿಯರ್. ಬೇರೆ ಮೇಜುಗಳಲ್ಲಿ ಎರಡು ನಿಮಿಷ ನಿಂತವರು ಇಲ್ಲಿ ಕನ್ನಡಕ ಬದಲಿಸಿ ಬಗ್ಗಿ ನೋಡಿದರು. ನೀರಿನಿಂದ ಬಿಡಿಸಿಕೊಂಡು ಏಳಲು ಹೊಟ್ಟೆಯಡಿ ಕೆತ್ತಿದ ಮೆಟ್ಟಿಲು, ರೆಕ್ಕೆ ತುದಿಯ ತೇಲುಬುಂಡೆ, ಎಲ್ಲದರ ಮೇಲೂ ಬೆರಳು ಮುಟ್ಟಿಸದೆ ಆಡಿಸಿದರು. ತಾನು ತಿಂಗಳುಗಟ್ಟಲೆ ಕೂತು ಮಾಡಿದ್ದನ್ನು ಓದಬಲ್ಲ ಮನುಷ್ಯ ಇವರೊಬ್ಬರೇ ಎಂದು ಸಮ್ಯಕ್‌ಗೆ ಎನ್ನಿಸಿತು.

“ಬಹಳ ಚೆನ್ನಾಗಿದೆ. ಬಾಲದ ಈ ನೆಟ್ಟಗಿನ ರೆಕ್ಕೆ ಮೂಲ ವಿಮಾನದಲ್ಲಿ ಇಷ್ಟು ಎತ್ತರ ಇಲ್ಲ. ಯಾಕೆ ಎತ್ತರಿಸಿದ್ರಿ?”

ಶಶಿ ನಕ್ಕ. “ಲುಕ್‌ಗೆ ಸಾರ್. ಸ್ವಲ್ಪ ಗತ್ತಿರ್ಲಿ ಅಂತ.”

“ಬರೀ ಲುಕ್‌ಗಾ?” ಅವರ ದನಿ ಇಳಿಯಿತು. ಶಶಿ ತಡವರಿಸಿ ಪಕ್ಕಕ್ಕೆ ತಿರುಗಿದ. “ಹೇಳೋ ಸಮ್ಯಕ್, ಅದೇನೋ ಹೇಳ್ತಿದ್ಯಲ್ಲ.”

ತೀರ್ಪುಗಾರರೂ ಸಮ್ಯಕ್‌ನ ಕಡೆ ನೋಡಿದರು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಮುಂದಿನ ಹೊಟ್ಟೆ ದಪ್ಪವಾದರೆ ಗಾಳಿ ಮೂತಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಅದನ್ನು ತಡೆಯಲು ಹಿಂದೆ ಅಷ್ಟೇ ಬಲ ಬೇಕು. ಮೂರು ಪುಟದ ಲೆಕ್ಕ ಅದು. ಹೇಳಿದ್ದರೆ ಆ ಹಿರಿಯರಿಗೆ ಅರೆಗಳಿಗೆಯಲ್ಲಿ ಎಲ್ಲ ಗೊತ್ತಾಗಿಬಿಡುತ್ತಿತ್ತು. ಅವನ ಕಣ್ಣು ಕಾರ್ಡಿನ ಮೇಲೆ ಬಿತ್ತು.

“ನಂಗೇನು ಗೊತ್ತು ಸಾರ್,” ಎಂದ. “ನಾನು ಉಜ್ಜಿ ಕೊಡೋನು.”

ಅವರು ಹಾಳೆಯಲ್ಲಿ ಏನೋ ಬರೆದುಕೊಂಡು ಮುಂದಿನ ಮೇಜಿಗೆ ಹೋದರು. ಬಹುಮಾನ ಮೈಸೂರಿನವರ ಹಡಗೊಂದಕ್ಕೆ ಹೋಯಿತು.

ಹೊರಗೆ ಕಾರಿನ ಹತ್ತಿರ ಶಶಿ ಹಲ್ಲು ಕಚ್ಚಿಕೊಂಡು ಹೇಳಿದ, “ಬಾಯಿ ಬಿಟ್ಟಿದ್ರೆ ನಿನ್ನ ಗಂಟೇನ್ ಹೋಗ್ತಿತ್ಲಾ?”

“ನನ್ನ ಹೆಸರು ಎರಡೂವರೆ ಅಕ್ಷರ ಕಣೋ,” ಎಂದ ಸಮ್ಯಕ್. “ಅದಕ್ಕೂ ಜಾಗ ಇರ್ಲಿಲ್ವಾ?”

ಶಶಿ ಕಾರು ಹತ್ತಿ ಹೊರಟುಹೋದ. ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಸಮ್ಯಕ್ ಕಿಟಕಿ ಪಕ್ಕ ಕೂತ. ಗೆದ್ದೆ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ. ಶಶಿಯ ಮಾನ ತೆಗೆಯಲು ಹೊರಟವನು ತನ್ನ ವಿಮಾನವನ್ನೇ ತನ್ನದಲ್ಲ ಎಂದುಬಿಟ್ಟಿದ್ದ, ಅದೂ ಅದರ ಬೆಲೆ ಗೊತ್ತಿದ್ದ ಒಬ್ಬರೇ ಒಬ್ಬರ ಮುಂದೆ. ಹಳೇಬೀಡು ದಾಟುವಾಗ ಕೆರೆಯ ಕಡೆ ತಿರುಗದೆ ಮುಂದಿನ ಸೀಟಿನ ಕಂಬಿ ನೋಡುತ್ತಾ ಕೂತ.

ಎರಡು ವಾರ ಕಳೆದ ಮೇಲೆ, ವಿಮಾನವನ್ನಾದರೂ ವಾಪಸ್ ಕೇಳೋಣವೆಂದು ಶಶಿಯ ಮನೆಗೇ ಹೋದ. ಬಾಗಿಲಿಗೆ ಶಶಿಯ ತಾಯಿ ವಿಶಾಲಮ್ಮ ಬಂದರು. ಒಳ್ಳೆಯ ಹೆಂಗಸು, ಸಮ್ಯಕ್‌ನನ್ನು ಕಂಡರೆ ಯಾವಾಗಲೂ ನಗುವವರು.

“ಶಶಿ ಇಲ್ವಲ್ಲಪ್ಪ, ತಿಪಟೂರಿಗೆ ಹೋಗವ್ನೆ. ಅಲ್ಲೇ ಜಗಲಿ ಮೇಲೆ ಕೂತ್ಕೊ.”

ಕೂತಲ್ಲಿಂದ ಬಾಗಿಲ ಸಂದಿಯಲ್ಲಿ ಬೀರು ಕಾಣುತ್ತಿತ್ತು. ಮಧ್ಯದ ಹಲಗೆಯ ಮೇಲೆ ದ್ವಾರಸಮುದ್ರ. ಒಂದು ಬದಿಯ ತೇಲುಬುಂಡೆ ಕಿತ್ತುಬಂದು ಪಕ್ಕದಲ್ಲೇ ಬಿದ್ದಿತ್ತು. ಎರಡು ತೊಟ್ಟು ಅಂಟು, ಐದು ನಿಮಿಷದ ಕೆಲಸ. ಅವನ ಬೆರಳುಗಳು ತಾವಾಗಿ ಒಂದಕ್ಕೊಂದು ಉಜ್ಜಿಕೊಂಡವು.

ಅವನು ನೋಡುವ ಕಡೆ ತಿರುಗಿ ವಿಶಾಲಮ್ಮ ಹೇಳಿದರು, “ಎಷ್ಟು ಕಷ್ಟಪಟ್ಟು ಮಾಡವ್ನೆ ನೋಡಪ್ಪ ನಮ್ಮ ಶಶಿ. ಬೇಲೂರಲ್ಲಿ ಯಾರೋ ಮೋಸ ಮಾಡಿ ಬಹುಮಾನ ತಪ್ಪಿಸಿದ್ರಂತೆ.”

“ಹೌದಂತಮ್ಮ,” ಎಂದು ಸಮ್ಯಕ್ ಎದ್ದ.

ಮನೆಯಲ್ಲಿ ಲತಾಮಣಿ ಅವನ ಖಾಲಿ ಕೈ ನೋಡಿದಳು.

“ಕೊಡ್ಲಿಲ್ವಾ?”

“ಕೇಳ್ಲಿಲ್ಲ,” ಎಂದು ಚಪ್ಪಲಿ ಬಿಟ್ಟು ಒಳಗೆ ಹೋದ.