ಅಡ್ಡ ಹಿಡಿದ ಕೈ

ಒಂಬತ್ತು ಹತ್ತಕ್ಕೆ ಭಾವನ ಫೋನು, ಒಂಬತ್ತು ನಲವತ್ತಕ್ಕೆ ಆಸ್ಪತ್ರೆಯ ಮೆಟ್ಟಿಲು, ಹತ್ತು ಐದಕ್ಕೆ ಅಕ್ಕನ ಎಕ್ಸ್-ರೇ, ಈಗ ಹತ್ತು ಇಪ್ಪತ್ತು, ವೈದ್ಯೆಯ ಕೋಣೆಯ ಗೋಡೆಯಲ್ಲಿ ಬೆಳಕಿನ ಪೆಟ್ಟಿಗೆ, ಅದರ ಮೇಲೆ ಅಕ್ಕನ ಎಡ ಮುಂಗೈ, ಬೆಳ್ಳಗೆ, ಮಣ್ಣು ಒರೆಸಿ ಇಟ್ಟಷ್ಟು ಸ್ವಚ್ಛವಾಗಿ – ಮಾದರಿ ಚೆನ್ನಾಗಿದೆ ಎಂದಿತು ಮನಸ್ಸು, ಮೊದಲು ಹೇಳಿದ್ದೇ ಅದನ್ನು, ಛೀ, ಒಡಹುಟ್ಟಿದವಳ ಕೈ ಅದು, ಪಕ್ಕದ ಕುರ್ಚಿಯಲ್ಲಿ ಅವಳೇ ಕೂತಿದ್ದಾಳೆ, ಟವೆಲಿನಲ್ಲಿ ತೋಳು ಕಟ್ಟಿಕೊಂಡು, ಅವಳ ಹಿಂದೆ ಭಾವ, ಕುರ್ಚಿಯ ಬೆನ್ನಿಗೆ ಎರಡೂ ಕೈ ಊರಿ, ಬಚ್ಚಲಲ್ಲಿ ಜಾರಿ ಬಿದ್ಲು ಡಾಕ್ಟ್ರೇ, ನೋಡ್ಕೊಂಡು ನಡಿ ಅಂತ ಬಾಯಿ ಬಡ್ಕೊಂಡಿದ್ದೇ ಬಂತು, ಕಿವಿಗೇ ಹಾಕ್ಕೊಳ್ಳಲ್ಲ, ಆಮೇಲೆ ನನ್ನ ಕಡೆ ತಿರುಗಿ, ಏನಮ್ಮಾ ಕೊಲೆಗಾತಿ, ಈ ಪುಸ್ತಕದಲ್ಲಿ ಎಷ್ಟು ಹೆಣ, ಮತ್ತೆ ವೈದ್ಯೆಗೆ, ನಮ್ಮ ನಾದಿನಿ ಇವಳು, ಭೂಮಿ ಅಗೆದು ಹಳೇ ಕೊಲೆ ಹುಡುಕೋ ಕಾದಂಬರಿ ಬರೀತಾಳೆ, ಮನೇಲಿ ಒಂದು ಇಲಿ ಕಂಡ್ರೆ ಕುರ್ಚಿ ಹತ್ತುತ್ತಾಳೆ, ವೈದ್ಯೆ ನಗುವುದಿಲ್ಲ, ಅಕ್ಕ ನಗುತ್ತಾಳೆ, ನಗಬೇಕಾದಷ್ಟೇ.

ಹತ್ತೊಂಬತ್ತು, ಭಾವ. ಐದು ಕಾದಂಬರಿಗಳಲ್ಲಿ ಹತ್ತೊಂಬತ್ತು ಜನರನ್ನು ಕೊಂದಿದ್ದೇನೆ, ಒಬ್ಬೊಬ್ಬರಿಗೂ ಒಂದೊಂದು ಚೀಟಿ, ಆಯುಧ, ಕೋನ, ಆಳ, ಪ್ರಾಣ ಹೋಗಲು ಹಿಡಿದ ನಿಮಿಷ, ಉತ್ಖನನದ ಗುಂಡಿಗಳಲ್ಲಿ ಮೂರು ವರ್ಷ ಮೂಳೆ ಒರೆಸಿದವಳು ನಾನು, ಊಹೆಯ ಮೇಲೆ ಒಂದು ಏಟನ್ನೂ ಬರೆಯುವುದಿಲ್ಲ, ಹಸಿಮಣ್ಣಿನ ತಲೆ ಮಾಡಿ, ನೆರಳಲ್ಲಿ ಒಣಗಿಸಿ, ಹೊಡೆದು, ಬಿರುಕನ್ನು ಅಳೆದ ಮೇಲೆಯೇ ವಾಕ್ಯ – ಎರಡು ವರ್ಷದ ಹಿಂದೆ, ನಾಲ್ಕನೆಯ ಪುಸ್ತಕದ ಕುಂಬಾರಗಿತ್ತಿಯನ್ನು ಕೊಲ್ಲಲು ನನ್ನ ತೋಳಿನ ಬಲ ಸಾಲಲಿಲ್ಲ, ಅಕ್ಕನ ಮನೆಯ ಹಿತ್ತಿಲು, ಹಗಲು, ಭಾವ ನೋಡಿ ನಕ್ಕರು, ಇದೇನು ಹೊಡೀತಿದ್ದೀಯೋ ಅವಳ ತಲೆ ಸವರ್ತಿದ್ದೀಯೋ, ಸರಿ ಅತ್ಲಾಗೆ, ಒಳಗಿನಿಂದ ಸರಳನ್ನು ಅವರೇ ತಂದರು, ಕಿಟಕಿಯ ಪರದೆಯದು, ಎಷ್ಟು ಜೋರು ಬೇಕು ಹೇಳು, ಒಂದೇ ಏಟು, ಮಣ್ಣಿನ ತಲೆ ಹುಬ್ಬಿನವರೆಗೆ ಸೀಳಿತು, ಉಸಿರು ಬಿಗಿಹಿಡಿಯಲಿಲ್ಲ, ಗುರಿ ನೋಡಲಿಲ್ಲ, ಅಭ್ಯಾಸವಿದ್ದವರ ಏಟು, ನಾನು ಮೊಣಕಾಲೂರಿ ಅಳೆದೆ, ನಾಲ್ಕು ಸೆಂಟಿಮೀಟರ್ ಆಳ, ಬರೆದುಕೊಂಡೆ, ಥ್ಯಾಂಕ್ಸ್ ಭಾವ ಎಂದೆ, ತಲೆ ಎತ್ತಿದರೆ ಬಾಗಿಲಲ್ಲಿ ಅಕ್ಕ, ಎಡಗೈ ಹಣೆಯ ಮುಂದೆ ಅಡ್ಡ – ಬಿಸಿಲಿಗೆ ಎಂದುಕೊಂಡೆ. ಬಾಗಿಲು ನೆರಳಲ್ಲಿತ್ತು.

ವೈದ್ಯೆ ಪೆನ್ನಿನ ತುದಿಯನ್ನು ಚಿತ್ರದ ಮೇಲೆ ಆಡಿಸುತ್ತಾರೆ, ಇಲ್ಲಿ ಮುರಿದಿದೆ, ಆದರೆ ಪೆನ್ನು ಅಲ್ಲಿಗೇ ನಿಲ್ಲುವುದಿಲ್ಲ, ಎರಡು ಬೆರಳು ಕೆಳಗೆ ಜಾರಿ ತಡೆಯುತ್ತದೆ, ನನ್ನ ಕಣ್ಣೂ ಅಲ್ಲೇ ತಡೆಯುತ್ತದೆ – ಜಾರಿ ಬಿದ್ದವರು ಅಂಗೈ ಊರುತ್ತಾರೆ, ಮುರಿಯುವುದು ಮಣಿಕಟ್ಟಿನ ಹತ್ತಿರ, ಹೆಬ್ಬೆರಳಿನ ಕಡೆಯ ಮೂಳೆ, ತಲೆಗೆ ಬರುವ ಏಟಿಗೆ ಕೈ ಅಡ್ಡ ಕೊಟ್ಟವರಿಗೆ ಮುರಿಯುವುದು ಕಿರುಬೆರಳಿನ ಕಡೆಯದು, ನಟ್ಟನಡುವೆ, ಹೊಡೆಯುವವನು ಬಲಗೈಯವನಾದರೆ ಸಾಮಾನ್ಯವಾಗಿ ಎಡಗೈ, ನಾಲ್ಕನೆಯ ಪುಸ್ತಕ, ನೂರಾ ಹನ್ನೆರಡನೆಯ ಪುಟ, ಮೂರು ಸಾವಿರ ವರ್ಷ ಹಿಂದಿನ ಕುಂಬಾರಗಿತ್ತಿಯ ಕೈ, ಎಷ್ಟು ನಿಖರ ಎಂದು ಓದುಗರೆಲ್ಲ ಹೊಗಳಿದ್ದು, ನಿಖರವಿಲ್ಲದೆ ಏನು, ಎದುರಿಗೆ ಮಾದರಿ ಇಟ್ಟುಕೊಂಡು ಬರೆದದ್ದು, ಆಗ ನಾನೇ ಕೇಳಿದ್ದೆ, ಅಕ್ಕಾ, ನೀನು ಹಿಂದೆ ಬಿದ್ದಾಗಿನ ಎಕ್ಸ್-ರೇ ಇದೆಯಲ್ಲ ಕೊಡೆ, ಅದನ್ನ ತಗೊಂಡು ಏನು ಮಾಡ್ತೀಯೆ, ಕಾದಂಬರಿಗೆ ಬೇಕು, ನೋಡಿದ್ರೆ ನಿಂಗೆಲ್ಲ ಗೊತ್ತಾಗುತ್ತಾ, ಗೊತ್ತಾಗದೆ ಏನು, ಮೂರು ವರ್ಷ ಅದನ್ನೇ ಓದಿದ್ದು, ಅಕ್ಕ ಹಾಸಿಗೆಯಡಿಯಿಂದ ತೆಗೆದು ಕೊಟ್ಟಳು, ಓದಬಲ್ಲವಳ ಕೈಗೇ ಕೊಟ್ಟಳು – ನಾನು ಓದಿದೆ, ಒಂದು ಸಾಲೂ ಬಿಡದೆ ಓದಿದೆ, ಏಟು ತಡೆದ ಕೈ ಎಂದು ಕುಂಬಾರಗಿತ್ತಿಯ ಲೆಕ್ಕಕ್ಕೆ ಬರೆದೆ, ಅದೇ ಸಂಜೆ ಅಕ್ಕನಿಗೆ ಫೋನು ಮಾಡಿ ಬಚ್ಚಲಿಗೆ ರಬ್ಬರಿನ ಚಾಪೆ ಹಾಕಿಸ್ಕೊಳ್ಳೆ ಎಂದೆ. ಪುಸ್ತಕ ಬಂದ ಮೇಲೆ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ, ಆ ಕುಂಬಾರಗಿತ್ತಿ ಯಾಕೆ ಓಡಿ ಹೋಗ್ಲಿಲ್ಲ, ಎಲ್ಲಿಗೆ ಹೋಗ್ತಾಳಕ್ಕಾ, ಊರ ಸುತ್ತ ದಾಳಿಯವರಿದ್ರಲ್ಲ, ಹೌದಲ್ವಾ, ಅಂದಳು.

ಸಂಜೆಯೊಳಗೆ ಮನೆಗೆ ಕರ್ಕೊಂಡು ಹೋಗಬಹುದಲ್ವಾ ಡಾಕ್ಟ್ರೇ, ಎನ್ನುತ್ತಾನೆ ಅವನು, ಬಲಗೈ ಈಗ ಅಕ್ಕನ ಹೆಗಲ ಮೇಲಿದೆ, ಹೆಬ್ಬೆರಳು ಕತ್ತಿನ ಬುಡದಲ್ಲಿ, ಕಪಾಲದ ಅತಿ ತೆಳುವಾದ ಜಾಗ ಕಣ್ಣಿಗೂ ಕಿವಿಗೂ ನಡುವೆ, ಕೆಲವರಲ್ಲಿ ಎರಡು ಮಿಲಿಮೀಟರ್ ಕೂಡ ಇರುವುದಿಲ್ಲ, ವೈದ್ಯೆಯ ಮೇಜಿನ ಮೇಲೆ ಹಿತ್ತಾಳೆಯ ಗುಂಡು, ಕಾಗದ ಹಾರದಂತೆ ಇಡುವುದು, ಅರ್ಧ ಕಿಲೋ ಇದ್ದೀತು, ಮೂರು ಹೆಜ್ಜೆ, ಪಕ್ಕದಿಂದ, ಮೇಲಿನಿಂದ ಬೇಡ, ಮೊದಲ ಏಟಿಗೆ ಮೂಳೆ ಒಳಗೆ ಕುಸಿಯುತ್ತದೆ, ಎರಡನೆಯದಕ್ಕೆ ಒಳಗಿನ ರಕ್ತನಾಳ ಹರಿಯುತ್ತದೆ, ಮೂರನೆಯದು ಬೇಕಾಗಿಲ್ಲ, ಆದರೂ ಮೂರನೆಯದು, ನಾಲ್ಕನೆಯದು, ಮುಖದ ಮೇಲೆ, ಆ ನಗುವ ಹಲ್ಲುಗಳ ಮೇಲೆ, ಚೀಟಿ ಇಲ್ಲದೆ, ಅಳತೆ ಇಲ್ಲದೆ, ಇಪ್ಪತ್ತನೆಯವನು – ನಾನು ಯಾವಾಗ ಎದ್ದು ನಿಂತೆ, ಗುಂಡು ನನ್ನ ಕೈಯಲ್ಲಿದೆ, ತಣ್ಣಗಿದೆ, ಅಕ್ಕ ನೋಡುತ್ತಿದ್ದಾಳೆ, ಟವೆಲಿನೊಳಗೆ ಮುರಿದ ಕೈ ಅಲುಗುತ್ತದೆ, ಮೇಲೇಳಲು ನೋಡುತ್ತದೆ, ನನ್ನನ್ನು ಕಂಡು, ನನ್ನ ಕೈಯನ್ನು ಕಂಡು. ಗುಂಡನ್ನು ಕೆಳಗಿಟ್ಟೆ.

ನೀವು ಹೇಳಿ, ಹೇಗಾಯ್ತು, ವೈದ್ಯೆ ಅಕ್ಕನನ್ನೇ ಕೇಳುತ್ತಾರೆ, ಜಾರಿದೆ, ಎನ್ನುತ್ತಾಳೆ ಅಕ್ಕ, ವೈದ್ಯೆಯನ್ನು ನೋಡಿ ಅಲ್ಲ, ನನ್ನನ್ನು ನೋಡಿ, ಎರಡು ತಿಂಗಳಿಂದ ಸೆಕೆಯಲ್ಲೂ ಉದ್ದ ತೋಳಿನ ಅಂಗಿ, ಸೊಳ್ಳೆ ಕಣೇ ಎಂದಿದ್ದಳು, ಇವತ್ತು ಮನೆಗೆ ಹೋದರೆ ಮುಂದಿನ ಸಲ ಕೈ ಎತ್ತಲು ಕೈಯೇ ಇರುವುದಿಲ್ಲ, ಏಟು ನೇರ ತಲೆಗೆ, ನಾಲ್ಕು ಸೆಂಟಿಮೀಟರ್, ನಾನೇ ಅಳೆದದ್ದು, ಕಥೆ ಕಟ್ಟಿ ಅಭ್ಯಾಸ, ವರದಿ ಹೇಳಿ ಎಷ್ಟು ವರ್ಷವಾಯಿತು, ಡಾಕ್ಟರ್, ಇವರನ್ನ ಹೊರಗೆ ಕಳಿಸಿ, ನಾನು ಹೇಳ್ತೀನಿ, ಬರ್ಕೊಳ್ಳಿ, ಏಯ್ ಏನೇ ಅದು, ಎನ್ನುತ್ತಾನೆ, ಬರ್ಕೊಳ್ಳಿ ಡಾಕ್ಟರ್ – ಎಡ ಮುಂಗೈ, ಕಿರುಬೆರಳಿನ ಕಡೆಯ ಮೂಳೆ, ಮೂರು ಮುರಿತ. ಒಂದು ಪೂರ್ತಿ ಕೂಡಿಕೊಂಡದ್ದು, ವರ್ಷಗಳ ಹಿಂದಿನದು. ಒಂದು ಗಂಟುಗಟ್ಟಿರುವುದು, ಸುಮಾರು ಎರಡು ತಿಂಗಳದ್ದು. ಒಂದು ಇವತ್ತಿನದು. ಮೂರೂ ಏಟು ತಡೆದ ಮುರಿತ. ಬಿದ್ದು ಆದದ್ದು ಒಂದೂ ಇಲ್ಲ.