ಬ್ರಹ್ಮಚಾರಿಯ ತೆರಿಗೆ

ತೆರಿಗೆ ಅಕ್ಕನನ್ನು ಅಕ್ಕ ಎನ್ನದವರು ಆ ಕಟ್ಟಡದಲ್ಲಿ ಒಬ್ಬರೇ ಇದ್ದರು. ಅವಳಿಗಿಂತ ಹದಿನೈದು ವರ್ಷ ದೊಡ್ಡವನಾದ ವಾಚ್‌ಮನ್ನಿಗೂ ಅವಳು ಅಕ್ಕ, ಮೀಸೆ ನರೆತ ಡೈರೆಕ್ಟರಿಗೂ ಅಕ್ಕ. ವಯಸ್ಸು ನಲವತ್ತೆಂಟು. ಮದುವೆಯಾಗಿಲ್ಲ. ಯಾಕಾಗಿಲ್ಲ ಎಂದು ಕೇಳುತ್ತಿದ್ದವರೂ ಸುಸ್ತಾಗಿ ಬಾಯಿ ಮುಚ್ಚಿಕೊಂಡು ಎಷ್ಟೋ ಕಾಲವಾಗಿತ್ತು.

ಅವಳ ಕೆಲಸವನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಯಾವ ಊರಿನಲ್ಲಿ ಕಂಪನಿಗಳ ಮೇಲೆ ಎಷ್ಟು ತೆರಿಗೆಯ ಭಾರ ಬೀಳುತ್ತದೆ, ಚೆನ್ನಾಗಿ ಓದಿ ಕೆಲಸ ಕಲಿತ ನೌಕರರ ಮೇಲೆ ಎಷ್ಟು ಬೀಳುತ್ತದೆ ಎಂದು ಪ್ರತಿ ವರ್ಷ ಹೋಲಿಸಿ ವರದಿ ಮಾಡುವುದು. ಹೋಲಿಸಬೇಕಾದರೆ ಎಲ್ಲ ಊರಿಗೂ ಒಬ್ಬನೇ ಮನುಷ್ಯನನ್ನು ಕಳಿಸಬೇಕಲ್ಲ? ಅದಕ್ಕೇ ಅವಳ ಆಫೀಸಿನವರ ಬಳಿ ಇಬ್ಬರು ಕಾಲ್ಪನಿಕ ವ್ಯಕ್ತಿಗಳಿದ್ದರು. ಒಂದು ಕಂಪನಿ, ಅದೇ ಕಟ್ಟಡ, ಅದೇ ಯಂತ್ರ, ಅದೇ ಲಾಭ. ಆಫೀಸಿನವರು ಅದಕ್ಕೆ ‘ಯಜಮಾನ’ ಎನ್ನುತ್ತಿದ್ದರು. ಇನ್ನೊಬ್ಬ ನೌಕರ. ದೊಡ್ಡ ಓದು, ದೊಡ್ಡ ಸಂಬಳ. ಹೆಂಡತಿಯಿಲ್ಲ, ಮಕ್ಕಳಿಲ್ಲ, ನೋಡಿಕೊಳ್ಳಬೇಕಾದ ಅಪ್ಪ ಅಮ್ಮನೂ ಇಲ್ಲ. ಅವನ ಹೆಸರು ‘ಬ್ರಹ್ಮಚಾರಿ’.

“ಬ್ರಹ್ಮಚಾರಿಗೆ ಈ ವರ್ಷ ಎಷ್ಟು ಕೊಡೋಣ ಅಕ್ಕ?” ಎಂದು ಕೇಳುವರು. ಅವನ ಕೈಗೆ ಇಷ್ಟು ಬರಲೇಬೇಕು ಎಂದು ಅಕ್ಕ ಮೊದಲು ಗೊತ್ತುಮಾಡುವಳು. ಅಷ್ಟು ಕೈಗೆ ಬರಬೇಕಾದರೆ ತೆರಿಗೆ, ಕಡಿತ ಎಲ್ಲ ಸೇರಿ ಯಜಮಾನನ ಕೈಯಿಂದ ಎಷ್ಟು ಬಿಚ್ಚಬೇಕು ಎಂದು ಅಲ್ಲಿಂದ ಹಿಂದಕ್ಕೆ ಲೆಕ್ಕ. ಹೊಸದಾಗಿ ಸೇರಿದ ಯಾರಾದರೂ “ಇವನಿಗೊಂದು ಮದುವೆ ಮಾಡಿಸ್ಬಾರ್ದಾ?” ಎಂದು ತಮಾಷೆ ಮಾಡಿದರೆ ಅಕ್ಕ ಕಡ್ಡಿ ಮುರಿದ ಹಾಗೆ ಹೇಳುವಳು: “ಒಂದೂರಲ್ಲಿ ಹೆಂಡತಿಗೆ ರಿಯಾಯಿತಿ ಇದೆ, ಇನ್ನೊಂದೂರಲ್ಲಿ ಇಲ್ಲ. ಲೆಕ್ಕ ಕಲಸುಮೇಲೋಗರ ಆಗುತ್ತೆ. ಹೋಲಿಸ್ಬೇಕು ಅಂದ್ರೆ ಮನುಷ್ಯ ಒಂಟಿಯಾಗಿರ್ಬೇಕು.” ಎಷ್ಟೋ ವರ್ಷಗಳಿಂದ ಈ ನಿಯಮವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು ಅವಳೇ.

ಅಕ್ಕ ಎನ್ನದ ಆ ಒಬ್ಬರು ಮೇಲಿನ ಮಹಡಿಯವರು. ಅಲ್ಲಿ ಗಣಿತದವರದೊಂದು ಸಂಸ್ಥೆ ಇತ್ತು. ಅವರನ್ನು ಎಲ್ಲರೂ ಅಲೆ ಮೇಷ್ಟ್ರು ಎನ್ನುತ್ತಿದ್ದರು. ಐವತ್ತೆರಡು ವಯಸ್ಸು, ಅವರೂ ಒಂಟಿ. ಎರಡೂ ಆಫೀಸಿಗೆ ಸೇರಿ ಊಟದ ಕೋಣೆ ಒಂದೇ. ಕಿಟಕಿ ಪಕ್ಕದ ಚಿಕ್ಕ ಮೇಜಿಗೆ ಎರಡೇ ಕುರ್ಚಿ. ಕಿಟಕಿಗೆ ಬೆನ್ನು ಮಾಡಿದ್ದು ಅಕ್ಕನದು, ಎದುರಿನದು ಮೇಷ್ಟ್ರದು. ಅವರು ಡಬ್ಬಿ ಮುಗಿಸಿ ಒಂದು ಸೇಬನ್ನು ಎರಡು ಹೋಳು ಮಾಡುವರು. ದೊಡ್ಡ ಹೋಳು ಯಾವಾಗಲೂ ಅಕ್ಕನ ಕಡೆಗೆ ಬರುತ್ತಿತ್ತು. ಆಫೀಸಿನವರು ಕಾಲೆಳೆಯುತ್ತಿರಲಿಲ್ಲ. ನಲವತ್ತೈದು ದಾಟಿದವರ ಕಾಲೆಳೆಯಲು ಯಾರಿಗೂ ಹೊಳೆಯುವುದಿಲ್ಲ, ಅದೇ ಬೇಜಾರು.

“ನಿಮ್ಮ ಅಲೆ ಅಂದ್ರೆ ಏನ್ರೀ ಮೇಷ್ಟ್ರೇ, ಸಮುದ್ರದ್ದಾ?” ಎಂದು ಮೊದಮೊದಲು ಕೇಳಿದ್ದಳು.

“ಯಾವುದಾದ್ರೂ ಸರಿ. ಕಣ್ಣಿಗೆ ಕಾಣದ ಒಂದು ವಸ್ತು ಇದೆ ಅಂತಿಟ್ಕೊಳ್ಳಿ. ಅದರ ಕಡೆ ಒಂದು ಅಲೆ ಕಳಿಸ್ತೀವಿ. ಅಲೆ ಅದಕ್ಕೆ ತಾಗಿ ಚೆದುರುತ್ತೆ. ದೂರ ನಿಂತು, ಚೆದುರಿ ಬಂದದ್ದನ್ನ ಮಾತ್ರ ನೋಡಿ, ಅಲ್ಲಿರೋದು ದುಂಡಗಿದೆಯಾ, ಚೌಕಾನಾ, ಒಳಗೆ ಟೊಳ್ಳಾ ಅಂತ ಹೇಳ್ಬೇಕು.”

“ಓಹೋ, ನಮ್ಮ ಹಾಗೇ. ಕೈಗೆ ಬಂದದ್ದನ್ನ ಹಿಡ್ಕೊಂಡು ಹಿಂದಕ್ಕೆ ಹೋಗೋದು.”

ಮೇಷ್ಟ್ರು ಚಾಕು ಕೆಳಗಿಟ್ಟು ಅವಳನ್ನೇ ನೋಡಿದ್ದರು. “ಇಷ್ಟು ವರ್ಷ ಇದನ್ನ ನಮ್ಮಣ್ಣನಿಗೆ ಅರ್ಥ ಮಾಡಿಸೋಕಾಗಿಲ್ಲ ನನ್ನ ಕೈಲಿ,” ಎಂದರು. ಅಕ್ಕ ಆ ದಿನ ಕಾರಣವಿಲ್ಲದೆ ಎರಡು ಲೋಟ ಟೀ ಕುಡಿದಳು.

ಇನ್ನೊಂದು ದಿನ ಅವರೇ ಹೇಳಿದರು, “ಕೆಲವು ವಸ್ತು ಇರ್ತವೆ, ಅಲೆಯ ಯಾವುದೋ ಒಂದು ಸ್ವರಕ್ಕೆ, ಅಂದ್ರೆ ಒಂದು ಕಂಪನಕ್ಕೆ ಮಾತ್ರ ಏನೂ ಚೆದುರಿಸಲ್ಲ. ಅಲ್ಲಿ ಯಾರೂ ಇಲ್ಲವೇ ಇಲ್ಲ ಅನ್ನೋ ಹಾಗೆ ಅಲೆ ನೆಟ್ಟಗೆ ಆಚೆಗೆ ಹೋಗ್ಬಿಡುತ್ತೆ.”

“ಆಗ ಏನ್ ಮಾಡ್ತೀರಿ?”

“ಸ್ವರ ಬದಲಾಯಿಸಿ ಇನ್ನೊಂದ್ಸಲ ಕಳಿಸ್ಬೇಕು. ಒಂದೇ ಸಲಕ್ಕೆ ಅಲ್ಲೇನೂ ಇಲ್ಲ ಅಂದ್ಬಿಟ್ರೆ ಅದು ಗಣಿತ ಅಲ್ಲ, ಸೋಮಾರಿತನ.”

ಈ ಮಾತನ್ನು ನೆನಪಿಟ್ಟುಕೊಳ್ಳಿ. ಅಕ್ಕ ಇಟ್ಟುಕೊಂಡಿದ್ದಳು.

ಚಳಿಗಾಲದ ಒಂದು ಮಧ್ಯಾಹ್ನ ಮೇಷ್ಟ್ರು ಸೇಬು ಹೆಚ್ಚದೆ ಹಾಗೇ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಬಹಳ ದೂರದ ಊರಿನಲ್ಲಿ ದೊಡ್ಡ ಕೆಲಸಕ್ಕೆ ಕರೆದಿದ್ದಾರಂತೆ. ಒಪ್ಪಿದರೆ ತಿಂಗಳೊಳಗೆ ಹೊರಡಬೇಕು. ಇವರು ಹೋದರೆ ಮಾತಾಡುವುದಕ್ಕೆ ತನಗೆ ಯಾರೂ ಇಲ್ಲ ಎಂಬುದು ಆ ಕ್ಷಣಕ್ಕೆ ಅಕ್ಕನಿಗೆ ನಿಚ್ಚಳವಾಗಿ ಗೊತ್ತಾಯಿತು. ಬಾಯಿಂದ ಬಂದದ್ದು ಮಾತ್ರ, “ಅಲ್ಲಿ ತೆರಿಗೆ ಜಾಸ್ತಿ.”

“ಎಷ್ಟು ಜಾಸ್ತಿ?”

ಅಕ್ಕ ಬಾಯಿಪಾಠ ಒಪ್ಪಿಸಿದಳು. ಆ ಊರಿನಲ್ಲಿ ಯಜಮಾನ ಆರಾಮ, ಬ್ರಹ್ಮಚಾರಿಯ ಚರ್ಮ ಸುಲಿಯುತ್ತಾರೆ. ಮೇಷ್ಟ್ರು ಎಲ್ಲ ಕೇಳಿಸಿಕೊಂಡು, ಸೇಬನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡರು.

“ಇದು ಒಬ್ಬನಿಗಾಯ್ತು. ಇಬ್ಬರು ಅಂದ್ರೆ ಎಷ್ಟಾಗುತ್ತೆ?”

ಅಯ್ಯೋ, ಮನುಷ್ಯ ಇದಕ್ಕಿಂತ ಬಿಡಿಸಿ ಹೇಗೆ ಕೇಳಬೇಕು? ಆದರೆ ಅಕ್ಕನ ಬಳಿ ಬ್ರಹ್ಮಚಾರಿಯ ವಿಷಯದಲ್ಲಿ ಈ ಪ್ರಶ್ನೆಯನ್ನು ಅದೆಷ್ಟು ಜನ ಕೇಳಿದ್ದರೋ! ನಾಲಿಗೆ ತನ್ನ ಪಾಡಿಗೆ ತಾನು ಉತ್ತರ ಕೊಟ್ಟುಬಿಟ್ಟಿತು.

“ಇಬ್ಬರದ್ದು ನಾವು ಮಾಡಲ್ಲ ಮೇಷ್ಟ್ರೇ. ಹೋಲಿಸ್ಬೇಕು ಅಂದ್ರೆ ಮನುಷ್ಯ ಒಂಟಿಯಾಗಿರ್ಬೇಕು.”

ಮೇಷ್ಟ್ರು “ಹೌದಲ್ಲ” ಎಂದರು. ಸೇಬು ಡಬ್ಬಿಗೆ ವಾಪಸು ಹೋಯಿತು.

ಸಂಜೆ ತಂಗಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವಳು ಸಿಡಿದಳು. “ಅಕ್ಕಾ, ನಿಂಗೆ ಬುದ್ಧಿ ಎಲ್ಲಿ ಹೋಗಿತ್ತೇ? ಅವ್ರ ಮನೇಲಿ ಎರಡನೆಯವರು ಯಾರಿದಾರೆ? ಊರೋರೆಲ್ಲ ನಿನ್ನ ಅಕ್ಕ ಅಂತಾರೆ, ಅವರೊಬ್ಬರು ಇವತ್ತಿನವರೆಗೂ ಅಂದಿಲ್ಲ. ಯಾಕೆ ಅಂತ ಒಂದಿನಾನಾದ್ರೂ ಯೋಚನೆ ಮಾಡಿದೀಯಾ?”

ಅಕ್ಕ ಫೋನು ಹಿಡಿದುಕೊಂಡೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಮೊದಲು ನಾಚಿಕೆಯಾಯಿತು. ಆಮೇಲೆ ಖುಷಿ ಎಷ್ಟಾಯಿತೆಂದರೆ ಒಬ್ಬಳೇ ನಕ್ಕಳು. ಕೊನೆಗೆ ಭಯವಾಯಿತು.

“ನಾಳೆನೇ ಹೋಗಿ ಮಾತಾಡು,” ಎಂದಳು ತಂಗಿ.

“ಅವರೇ ಇನ್ನೊಂದ್ಸಲ ಕೇಳ್ತಾರೆ ಬಿಡೇ. ಒಂದೇ ಸಲಕ್ಕೆ ಬಿಡೋರಲ್ಲ ಅವರು, ಅವರ ಶಾಸ್ತ್ರದಲ್ಲೇ ಹಾಗಿಲ್ಲ.”

ಹಾಗೆಂದು ನಂಬಿದಳು ನೋಡಿ, ಅಲ್ಲೇ ಎಡವಿದ್ದು. ಅವರು ಕೇಳಿದ ತಕ್ಷಣ ಹೇಳುವುದಕ್ಕೆ ಇರಲಿ ಎಂದು ಇಬ್ಬರ ಲೆಕ್ಕವನ್ನೂ ಗುಟ್ಟಾಗಿ ಮಾಡಿಟ್ಟುಕೊಂಡಳು. ಆ ದೂರದ ಊರಿನಲ್ಲಿ ಗಂಡ ಹೆಂಡತಿಗೆ ಭಾರ ಅರ್ಧಕ್ಕರ್ಧ ಇಳಿಯುತ್ತಿತ್ತು. ಒಳ್ಳೆ ಸೀರೆ ಉಟ್ಟುಕೊಂಡು ದಿನಾ ಊಟದ ಕೋಣೆಗೆ ಹೋಗಿ ಕೂತಳು. ಮೇಷ್ಟ್ರು ಪೆಟ್ಟಿಗೆ ಕಟ್ಟುವವರ ಬಗ್ಗೆ ಮಾತಾಡಿದರು, ಅಲ್ಲಿನ ಚಳಿಯ ಬಗ್ಗೆ ಮಾತಾಡಿದರು. ಸೇಬಿನ ಎರಡು ಹೋಳೂ ಈಗ ಸಮಸಮವಾಗಿರುತ್ತಿದ್ದವು. ಕೊನೆಯ ದಿನ ಕೈಮುಗಿದು, “ಬರ್ತೀನಿ. ನಿಮ್ಮಿಂದ ತುಂಬಾ ಉಪಕಾರ ಆಯ್ತು,” ಎಂದರು. ಅಕ್ಕ, “ಹುಷಾರು ಮೇಷ್ಟ್ರೇ,” ಎಂದಳು. ಇಬ್ಬರ ಲೆಕ್ಕ ಅವಳ ಬಳಿಯೇ ಉಳಿಯಿತು.

ಆಮೇಲೆ ಊಟದ ಕೋಣೆಯಲ್ಲಿ ಆ ಎದುರಿನ ಕುರ್ಚಿಯನ್ನು ಯಾರೂ ಎಳೆದುಕೊಂಡು ಹೋಗದಂತೆ ಅಕ್ಕ ತನ್ನ ಕೈಚೀಲವನ್ನು ಅದರ ಮೇಲಿಡತೊಡಗಿದಳು. ಫೋನು ಬರಬಹುದೆಂದು ಕಾದಳು. ತಾನೇ ಮಾಡಬಹುದಿತ್ತು. ಮಾಡಲಿಲ್ಲ, ಕೇಳಬೇಕಾದವರು ಅವರು ಎಂಬ ಹಟ. ರಜೆಯ ದಿನ ಮನೆಯಲ್ಲಿ ಟೀವಿ ಹಾಕಿಟ್ಟುಕೊಳ್ಳುತ್ತಿದ್ದಳು, ನೋಡುವುದಕ್ಕಲ್ಲ, ಮನೆಯಲ್ಲಿ ಒಂದು ದನಿ ಇರಲಿ ಎಂದು.

ವರ್ಷ ತಿರುಗಿ ಹೊಸ ವರದಿಯ ಸಭೆ ಬಂತು. ಡೈರೆಕ್ಟರು ಯಥಾಪ್ರಕಾರ, “ಅಕ್ಕ, ಬ್ರಹ್ಮಚಾರಿ ಹೋದ ವರ್ಷದ ಹಾಗೇ ಇರ್ಲಾ?” ಎಂದರು.

“ಬೇಡ. ಮದುವೆ ಮಾಡಿಸೋಣ.”

ಸಭೆಯೇ ಗೊಳ್ಳೆಂದು ನಕ್ಕಿತು. ಅಕ್ಕ ತಮಾಷೆ ಮಾಡುತ್ತಿಲ್ಲ ಎಂದು ತಿಳಿದಾಗ ನಗು ನಿಂತಿತು. ಡೈರೆಕ್ಟರು ಕನ್ನಡಕ ತೆಗೆದರು. “ಅಲ್ಲಕ್ಕ, ಹಳೇ ವರ್ಷಗಳ ಜೊತೆ ಹೋಲಿಸೋಕಾಗಲ್ಲ ಅಂತ ನೀವೇ ತಾನೇ...”

“ಆಗದಿದ್ರೆ ಹೋಗ್ಲಿ! ಊರೂರು ಅಲೆಸಿ ಅಲೆಸಿ ಅವನನ್ನ ಎಷ್ಟು ವರ್ಷ ಅಂತ ಒಂಟಿಯಾಗಿ ಇಟ್ಕೋತೀರಿ?” ಎಲ್ಲರೂ ತಂತಮ್ಮ ಕಾಗದಗಳನ್ನು ನೋಡತೊಡಗಿದರು.

ಅಕ್ಕ ಎದ್ದು ಮೆಟ್ಟಿಲಿನ ಬಳಿ ಬಂದು, ಹಟ ಗಿಟ ಎಲ್ಲ ಬದಿಗಿಟ್ಟು, ಮೇಷ್ಟ್ರಿಗೆ ಫೋನು ಮಾಡಿದಳು.

“ನಾನು. ತೆರಿಗೆ ಆಫೀಸಿನಿಂದ.”

“ಗೊತ್ತಾಯ್ತು,” ಎಂದರು ಮೇಷ್ಟ್ರು. ದನಿ ಹಾಗೇ ಇತ್ತು.

“ಇಬ್ಬರು ಅಂದ್ರೆ ಎಷ್ಟಾಗುತ್ತೆ ಅಂತ ಕೇಳಿದ್ರಲ್ಲ. ಆ ಎರಡನೆಯವಳು ನಾನೇನಾ?”

“ಮತ್ತಿನ್ಯಾರು?”

“ಹಾಗಿದ್ರೆ ಇನ್ನೊಂದ್ಸಲ ಯಾಕೆ ಕೇಳ್ಲಿಲ್ಲ? ಸ್ವರ ಬದಲಾಯಿಸಿ ಕೇಳ್ಬೇಕು ಅಂತ ಹೇಳಿದವರು ನೀವೇ ಅಲ್ವಾ? ನಾನು ಕಾದೆ, ದಿನಾ ಕಾದೆ.”

“ಕಲ್ಲಿಗೆ ಗೋಡೆಗೆ ಆದ್ರೆ ನೂರು ಸಲ ಕೇಳ್ತೀನಿ. ಮನುಷ್ಯರನ್ನ ಕೇಳೋ ಧೈರ್ಯ ನನಗೆ ಒಂದೇ ಸಲ ಬಂದಿದ್ದು.”

“ಈಗ ನಾನು ಕೇಳ್ತಿದೀನಿ. ಬರ್ಲಾ ಅಲ್ಲಿಗೆ?”

ಮೆಟ್ಟಿಲಿನಲ್ಲಿ ಯಾರೋ ಹತ್ತಿ ಹೋದರು. ಅಕ್ಕ ಗೋಡೆಗೆ ಮುಖ ಮಾಡಿ ನಿಂತಳು.

“ಬಂದ ಹೊಸದರಲ್ಲಿ ನಾನೂ ನಿಮ್ಮ ಫೋನಿಗೆ ಕಾದೆ,” ಎಂದರು ಮೇಷ್ಟ್ರು ಮೆಲ್ಲಗೆ. “ತುಂಬಾ ಕಷ್ಟ ಆಯ್ತು. ಆಮೇಲೆ ಕಾಯೋದು ಬಿಟ್ಟೆ. ಬಿಟ್ಟ ಮೇಲೆ ಒಂಥರಾ ನೆಮ್ಮದಿ ಬಂತು. ಒಬ್ಬನೇ ಇರೋದನ್ನ ಎರಡನೇ ಸಲ ಕಲ್ತಿದೀನಿ. ಅದನ್ನ ಮತ್ತೆ ಕದಡೋ ಶಕ್ತಿ ನನಗಿಲ್ಲ. ಬೇಡಮ್ಮಾ. ಬೇಜಾರು ಮಾಡ್ಕೋಬೇಡಿ ಅಕ್ಕ.”

ಅಕ್ಕ ಎಂದರು. ಅವರೂ ಅಂದುಬಿಟ್ಟರು.

“ಇಲ್ಲ, ಬೇಜಾರೇನಿಲ್ಲ,” ಎಂದಳು. ಅಲ್ಲಿನ ಚಳಿಯ ಬಗ್ಗೆ ವಿಚಾರಿಸಿ, ಹುಷಾರಾಗಿರಿ ಎಂದು ಹೇಳಿ ಫೋನಿಟ್ಟಳು. ಸಭೆಗೆ ವಾಪಸು ಹೋಗಿ, ಬ್ರಹ್ಮಚಾರಿ ಹೋದ ವರ್ಷದ ಹಾಗೇ ಇರಲಿ ಎಂದಳು. ಡೈರೆಕ್ಟರು ಹಾಗೇ ಬರೆದುಕೊಂಡರು.

ಊಟದ ಹೊತ್ತಿಗೆ ಕೋಣೆಗೆ ಹೋದವಳು ಎದುರಿನ ಕುರ್ಚಿಯಿಂದ ತನ್ನ ಚೀಲವನ್ನು ತೆಗೆದು, ಅದರ ಮೇಲೆ ತಾನೇ ಕೂತಳು. ಅಷ್ಟು ವರ್ಷ ಮೇಷ್ಟ್ರು ಕೂತ ಜಾಗ. ಅಲ್ಲಿಂದ ಕಿಟಕಿ ಕಾಣುತ್ತಿತ್ತು, ಕಿಟಕಿಯ ಬೆಳಕು ಕಾಣುತ್ತಿತ್ತು, ಆ ಬೆಳಕಿನಲ್ಲಿ ಅವಳ ಖಾಲಿ ಕುರ್ಚಿ ಕಾಣುತ್ತಿತ್ತು. ಅಕ್ಕ ಡಬ್ಬಿ ಬಿಚ್ಚಿ ಊಟ ಮಾಡಿದಳು.